ಎಡಗಾಲಿಗೆ ಕೆಲಸವಿಲ್ಲ

ಮೊದಲ ವಾರ ಪೂರ್ತಿ ಎಡಗಾಲು ಕ್ಲಚ್ಚು ಹುಡುಕಿತು.
ಕರೆಂಟು ಹೋದಾಗ ಚಪ್ಪಲಿ ಹುಡುಕುವ ಹಾಗೆ
ಮ್ಯಾಟಿನ ಮೇಲೆ ತಡಕಾಡಿ ತಡಕಾಡಿ
ಕೂಳೂರು ಸಂಕದ ಹತ್ತಿರ ಸುಮ್ಮನಾಗುತ್ತಿತ್ತು.
ಇಪ್ಪತ್ತಾರು ವರ್ಷ ಎಕ್ಸ್‌ಪ್ರೆಸ್ ಬಸ್ಸು ತುಳಿದ ಕಾಲು,
ಅದಕ್ಕೆ ಪಿಂಚಣಿ ಕೊಡುವವರು ಯಾರು?

ಡಾಕ್ಟರಮ್ಮನ ಗಾಡಿ ಇದು. ಬಿಳಿ, ನೆಲಕ್ಕೆ ತಗ್ಗು.
ಬೆಲೆ ಕೇಳಿ ನನ್ನವಳು ಎರಡು ಸಲ ಸೊನ್ನೆ ಎಣಿಸಿದಳು.
ಕದ್ರಿಯಿಂದ ಮಣಿಪಾಲ, ಮಣಿಪಾಲದಿಂದ ಕದ್ರಿ, ದಿನಾ.
ಹಿಂದಿನ ಸೀಟಲ್ಲಿ ಫ್ಲಾವಿಯಾ ಲಸ್ರಾದೊ,
ಮಡಿಲಲ್ಲಿ ಯಾರದೋ ಎದೆಯ ಸ್ಕ್ಯಾನು.

ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ.
ಸ್ಟಾರ್ಟ್ ಆಯಿತು ಎಂದರ್ಥ.
ನನ್ನ ಬಸ್ಸು ಬೆಳಿಗ್ಗೆ ಐದೂವರೆಗೆ
ಕೆಮ್ಮಿ, ಉಗುಳಿ, ಬೈದು ಆಮೇಲೆ ಏಳುತ್ತಿತ್ತು,
ಎದ್ದದ್ದು ಇಡೀ ಸ್ಟೇಟ್‌ಬ್ಯಾಂಕಿಗೆ ಗೊತ್ತಾಗುತ್ತಿತ್ತು.
ಎಂಜಿನ್ ಬದಿಯ ಎಡಗಿವಿ ಅರ್ಧ ಹೋಗಿದೆ,
ಉಳಿದದ್ದಕ್ಕೆ ಈಗ ಕೆಲಸ ಜಾಸ್ತಿ:
ಇಲ್ಲಿ ನನ್ನದೇ ಮೊಣಕಾಲು ಕೇಳುತ್ತದೆ.
ಒಂದು ಸೋಮವಾರ ಮುಲ್ಕಿ ದಾಟುವಾಗ
ಡಾಕ್ಟರಮ್ಮ ಮೂಗು ಎಳೆದುಕೊಂಡದ್ದು ಕೇಳಿತು.
ಬಸ್ಸಲ್ಲಾದರೆ ಅರವತ್ತು ಜನ ಅತ್ತರೂ
ನನಗೆ ಗೊತ್ತಾಗುವ ಸಂಗತಿ ಅಲ್ಲ.
ಕನ್ನಡಿ ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಅಷ್ಟೇ.

ಹೆಜಮಾಡಿ ಟೋಲ್ ಕಳೆದ ಮೇಲೆ ಒಂದು ದಿನ ರಸ್ತೆ ಖಾಲಿ.
"ವಾಮನಣ್ಣ, ಒಮ್ಮೆ ತುಳಿದು ನೋಡಿ" ಎಂದರು.
ತುಳಿದೆ.
ಹೊಟ್ಟೆ ಟೋಲ್‌ಗೇಟಿನಲ್ಲೇ ಬಾಕಿ.
ದೂರದಲ್ಲಿ ಚುಕ್ಕೆಯಾಗಿದ್ದ ಮೀನಿನ ಲಾರಿ
ರೆಪ್ಪೆ ಬಡಿಯುವಷ್ಟರಲ್ಲಿ ನಂಬರ್ ಪ್ಲೇಟಾಗಿ
ಅದರ ಬೂತಾಯಿ ನೀರು ನಮ್ಮ ಗಾಜಿನ ಮೇಲೆ.
ಇಬ್ಬರೂ ನಕ್ಕೆವು, ಪಡುಬಿದ್ರಿಯವರೆಗೆ.

ಇಷ್ಟು ಬಲ ಇಟ್ಟುಕೊಂಡು ದಿನಾ ಮಾಡುವುದೆಂತ?
ನಂತೂರಿನಲ್ಲಿ ಆಟೋದ ಹಿಂದೆ ತೆವಳುವುದು,
ಹಂಪು ಬಂದರೆ ಬಸುರಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದಂತೆ
ಓರೆಯಾಗಿ, ನಿಧಾನ, ಅಡಿ ತಾಗದ ಹಾಗೆ.
ರಾತ್ರಿ ಬೇಸ್‌ಮೆಂಟಿನಲ್ಲಿ ವಯರು ಸಿಕ್ಕಿಸಿ ಬರುವುದು.
ಮಳೆಗಾಲದಲ್ಲಿ ವಾಚ್‌ಮನ್ ಅದರ ಹತ್ತಿರ ಸುಳಿಯುವುದಿಲ್ಲ.
"ಹಾಯುತ್ತದಾ?" ಎಂದು ಕೇಳುತ್ತಾನೆ, ಎತ್ತಿನ ವಿಷಯ ಕೇಳಿದ ಹಾಗೆ.

ಒಂದು ಮಾತ್ರ ನಿದ್ದೆ ಬಾರದಾಗ ನೆನಪಾಗುತ್ತದೆ.
ಮಣಿಪಾಲದ ಇಳಿಜಾರಲ್ಲಿ ಪೆಡಲಿನಿಂದ ಕಾಲು ತೆಗೆದರೆ
ಗಾಡಿ ತನ್ನನ್ನು ತಾನೇ ತಡೆದುಕೊಂಡು
ಹತ್ತುವಾಗ ತಿಂದದ್ದರಲ್ಲಿ ಒಂದು ತುತ್ತು
ಬ್ಯಾಟರಿಗೆ ವಾಪಸ್ ಹಾಕುತ್ತದೆ.
ಅದೇ ಇಳಿಜಾರಲ್ಲಿ ನಾನು ಅಷ್ಟು ವರ್ಷ
ಬರೀ ಬ್ರೇಕ್ ಲೈನರ್ ಸುಟ್ಟೆ.

ಮೊನ್ನೆ ಗುರುವಾರ ಕಟಪಾಡಿಯಲ್ಲಿ ನನ್ನ ಹಳೇ ಬಸ್ಸು.
ಸ್ಟೇರಿಂಗಿನಲ್ಲಿ ದಾಮು, ನನ್ನ ಕಾಲದ ಕ್ಲೀನರ್.
ಎಡಗಡೆಯಿಂದ ನುಗ್ಗಿದ, ಮೂರು ಸ್ವರದ ಹಾರ್ನು,
ಎರಡು ನಿಮಿಷದ ಟೈಮಿಂಗಿಗೆ ಜೀವ ಕೊಡುವ ಹುಚ್ಚು,
ಕಲಿಸಿದ್ದು ನಾನೇ.
ಡಾಕ್ಟರಮ್ಮ ಗಾಡಿಯಲ್ಲಿರಲಿಲ್ಲ.
ಹೆಬ್ಬೆರಳು ಒತ್ತಿದಷ್ಟೇ ನೆನಪು, ಬಸ್ಸು ಕನ್ನಡಿಯಲ್ಲಿತ್ತು.
ದಾಮು ಕಂಡಕ್ಟರನೊಡನೆ ಏನೋ ಹೇಳಿ ನಗುತ್ತಿದ್ದ,
ಸೋತದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.
ಉದ್ಯಾವರದವರೆಗೆ ನನಗೆ ಬೇಜಾರು.

ಅಲ್ಲಿ ಬುಟ್ಟಿ ಹೊತ್ತವಳೊಬ್ಬಳು
ಬೆನ್ನು ಹಾಕಿ, ನನ್ನ ಬಂಪರಿನ ಮುಂದೆಯೇ ನಿಂತಿದ್ದಳು.
ಬಂದದ್ದು ಕೇಳಿಸಿರಲಿಲ್ಲ, ಹೇಗೆ ಕೇಳಿಸಬೇಕು.
ಈ ಗಾಡಿಯ ಹಾರ್ನು ಬಹಳ ಮರ್ಯಾದಸ್ಥ.
ಗಾಜು ಇಳಿಸಿದೆ, ಗಂಟಲಿಂದ ತಾನಾಗಿ ಹೊರಟಿತು:
"ಪೋಯಿ ಪೋಯಿ! ಉಡುಪಿ ಉಡುಪಿ ಉಡುಪಿ ಮಣಿಪಾಲ!"
ಅವಳು ತಿರುಗಿದಳು. ಗಾಡಿ ನೋಡಿದಳು, ನನ್ನನ್ನು ನೋಡಿದಳು.
"ಸೀಟ್ ಉಂಡಾ?" ಎಂದಳು.

ಮರುದಿನ ಕದ್ರಿಯಲ್ಲಿ ಬಾಗಿಲು ಮುಚ್ಚಿ
ಡಾಕ್ಟರಮ್ಮ ಒಮ್ಮೆ ಉದ್ದಕ್ಕೆ ಉಸಿರೆಳೆದರು.
ನಾನು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಕೂತಿದ್ದೆ.
"ವಾಮನಣ್ಣ," ಎಂದರು, "ಬಂಗುಡೆಯಾ, ಬೂತಾಯಿಯಾ?"